ಇವತ್ತ ಕಡೀ ದಿನ ಅಂತ್ರೀ

ಸಂಶೋಧನೆ ಕುತೂಹಲದಿಂದ ಹುಟ್ಟುತ್ತದೆಂದು ಪುಸ್ತಕಗಳು ಹೇಳುತ್ತವೆ. ನಮ್ಮ ಜಮಖಂಡಿ ಸೀಮೆಯಲ್ಲಿ ಅದು ಹುಟ್ಟುವುದು ಕಡೇ ದಿನಾಂಕದಿಂದ. ಸಂಜೆ ಚಹಾದ ಹೊತ್ತಿಗೆ ಫೋನು ಬರುತ್ತದೆ: "ಸರ್, ಐಸಿಎಸ್‌ಎಸ್‌ಆರ್‌ದ್ದು ಇವತ್ತ ಕಡೀ ದಿನ ಅಂತ್ರೀ. ಏನರ ಮಾಡೂಣೇನ್ರೀ?" ವಿಷಯ ಇನ್ನೂ ಗೊತ್ತಿರುವುದಿಲ್ಲ. ಉದ್ದೇಶ, ವಿಧಾನ, ಬಜೆಟ್ಟು ದೂರದ ಮಾತು. ರಾತ್ರಿ ಹನ್ನೆರಡರೊಳಗೆ ಇವೆಲ್ಲ ಆಗಬೇಕು. ದೇಶದ ಅರ್ಧದಷ್ಟು ಮಾಸ್ತರುಗಳು ಅದೇ ಹೊತ್ತಿಗೆ ಅದೇ ಜಾಲತಾಣದ ಬಾಗಿಲು ತಟ್ಟುತ್ತಿರುವುದರಿಂದ ಅದು ತಿರುಗುವ ಚಕ್ರವೊಂದನ್ನು ತೋರಿಸಿ ಸುಮ್ಮನಾಗುತ್ತದೆ.

ನಾನು ಮಾಸ್ತರಿಕೆಯಿಂದ ನಿವೃತ್ತನಾದವನು. ತಹಶೀಲ್ದಾರ ಕಚೇರಿಯ ಎದುರು ಬೇವಿನ ಗಿಡದ ಬುಡಕ್ಕೆ ಟೈಪ್‌ರೈಟರ್ ಇಟ್ಟುಕೊಂಡು ಕೂಡುತ್ತಿದ್ದ ಅರ್ಜಿ ಬರೆಯುವವನ ಕೆಲಸವನ್ನೇ ಈಗ ಮನೆಯ ಪಡಸಾಲೆಯಲ್ಲಿ ಮಾಡುತ್ತಿದ್ದೇನೆ. ಅವನು ಪುಟಕ್ಕಿಷ್ಟು ಎಂದು ತೆಗೆದುಕೊಳ್ಳುತ್ತಿದ್ದ, ನನಗೆ ಚಹಾ ಸಿಗುತ್ತದೆ. ಹಂಗಾಮಿನಲ್ಲಿ ಮಹಾಲಿಂಗಪುರದ ಬೆಲ್ಲದ ಪೆಂಟೆಯೂ ಬರುವುದುಂಟು.

ಬಂದವರ ಮೊದಲ ಪ್ರಶ್ನೆ "ಎಷ್ಟ ಕೊಡ್ತಾರ್ರೀ?" ಎಂಬುದು. ಎರಡನೆಯದು, "ಲ್ಯಾಪ್‌ಟಾಪ್ ಬರ್ತದೇನ್ರೀ?" ಇದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಹೊಲ ನೋಡುವ ಮೊದಲು ಉತಾರ ನೋಡುವುದು ಈ ಕಡೆಯ ಪದ್ಧತಿ. ಆದರೆ ಬಜೆಟ್ಟಿನ ಪ್ರತಿಯೊಂದು ಬಾಬಿಗೂ ಯಾಕೆ ಬೇಕು ಎಂದು ಬರೆಯಬೇಕಾಗುತ್ತದೆ. ಲ್ಯಾಪ್‌ಟಾಪ್ ಯಾಕೆ ಎಂಬುದಕ್ಕೆ ಹಳೆಯದು ಮಗಳ ಕಾಲೇಜಿಗೆ ಹೋಯಿತು ಎಂಬ ನಿಜವಾದ ಕಾರಣವನ್ನು ಯಾವ ಸಮಿತಿಯೂ ಒಪ್ಪುವುದಿಲ್ಲ.

ಮೂರನೆಯದು ಶೀರ್ಷಿಕೆ. ನಮ್ಮವರ ಶೀರ್ಷಿಕೆಗಳೆಲ್ಲ "ಒಂದು ಅಧ್ಯಯನ" ಎಂಬಲ್ಲಿಗೆ ಬಂದು ಕೂಡುತ್ತವೆ. ಬನಹಟ್ಟಿಯ ಒಬ್ಬ ವಾಣಿಜ್ಯಶಾಸ್ತ್ರದ ಉಪನ್ಯಾಸಕರು ತಂದದ್ದೂ ಅಂಥದೇ: "ರಬಕವಿ-ಬನಹಟ್ಟಿ ನೇಕಾರರ ಸಾಮಾಜಿಕ ಹಾಗೂ ಆರ್ಥಿಕ ಸ್ಥಿತಿಗತಿಗಳು: ಒಂದು ಅಧ್ಯಯನ." ಹೆಸರಿನ ಎರಡು ಶಬ್ದ ಬದಲಿಸಿದರೆ ಇಳಕಲ್ಲಿಗೂ ನಡೆಯುತ್ತದೆ, ಇಚಲಕರಂಜಿಗೂ ನಡೆಯುತ್ತದೆ. ಅದನ್ನು ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದಾಗ ಒಳಗಿನಿಂದ ನನ್ನ ಹೆಂಡತಿ ಬಂದು, "ಯಾಕ, ಜಗಳ ನಡದೈತೇನು?" ಎಂದಳು. ಉಪನ್ಯಾಸಕರ ದನಿಯೇ ಹಾಗೆ. "ಮನ್ಯಾಗ ಮಗ್ಗ ಅದಾವ್ರೀ ಅಕ್ಕಾರ, ಸಣ್ಣಾಗಿಂದ ರೂಢಿ," ಎಂದು ಅವರು ಅಷ್ಟೇ ಗಟ್ಟಿಯಾಗಿ ಹೇಳಿದರು.

ಆಮೇಲೆ ಅರ್ಜಿ ಬದಿಗಿಟ್ಟು ಮಗ್ಗದ ಮಾತಿಗೆ ಕೂತೆವು. ವಿದ್ಯುತ್ ಮಗ್ಗಗಳು ಒಂದೇ ಖೋಲಿಯಲ್ಲಿ ಸಾಲಾಗಿ ಓಡುತ್ತವೆ, ಗೋಡೆಯಾಚೆ ಅಡಿಗೆಮನೆ. ಅವರ ತಾಯಿ ರೊಟ್ಟಿ ಬಡಿಯುತ್ತಿದ್ದಂತೆಯೇ ತಲೆಯೆತ್ತಿ, "ಬಾಗಿಲ ಕಡೀದು ಎಳಿ ಹರೀತು ನೋಡು" ಎಂದು ಕೂಗುತ್ತಾರಂತೆ. ಹೋಗಿ ನೋಡಿದರೆ ಎಳೆ ಹರಿದೇ ಇರುತ್ತದೆ. ಅಷ್ಟು ಸೂಕ್ಷ್ಮ ಕಿವಿಗೆ ಮೊಮ್ಮಗಳು ಪಕ್ಕದಲ್ಲಿ ಕೂತು ಕರೆದರೆ ಕೇಳಿಸುವುದಿಲ್ಲ. ತಂದೆಯವರು ಟೀವಿ ಹಚ್ಚಿದರೆ ಓಣಿಗೆಲ್ಲ ಸುದ್ದಿ ತಿಳಿಯುತ್ತದೆ. ಎಷ್ಟನೆಯ ವಯಸ್ಸಿಗೆ ಕಿವಿ ಮಂದವಾಗತೊಡಗುತ್ತದೆ, ಒಂದು ಖೋಲಿಗೆ ಎಷ್ಟು ಮಗ್ಗವಾದರೆ ಸದ್ದು ಮಿತಿ ಮೀರುತ್ತದೆ, ಮಗ್ಗಕ್ಕೆ ಕೂಡದ ಹೆಂಗಸರಿಗೂ ಅದೇ ಪೆಟ್ಟೇ, ಕಿವಿ ಹೋದವನಿಗೆ ಕೂಲಿ ಕಡಿಮೆಯಾಗುತ್ತದೆಯೇ? ಅವರು ಪ್ರಶ್ನೆಗಳನ್ನು ತಾವೇ ಕೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಮೂವತ್ತು ವರ್ಷ ಅದೇ ಸದ್ದಿನಲ್ಲಿ ಮಲಗಿ ಎದ್ದವರಿಗೆ ಅದೊಂದು ಸಂಶೋಧನೆಯ ವಿಷಯ ಎಂದು ಯಾರೂ ಹೇಳಿರಲಿಲ್ಲ. ಅವರಿಗೆ ಕಿವಿಯ ಡಾಕ್ಟರರೊಬ್ಬರನ್ನು ಸಹ ಸಂಶೋಧಕರನ್ನಾಗಿ ಹುಡುಕಿಕೊಳ್ಳಲು ಹೇಳಿದೆ. ನೈತಿಕತಾ ಸಮಿತಿಯ ಒಪ್ಪಿಗೆ ಬೇಕಾಗುತ್ತದೆ ಎಂದಾಗ ಮಾತ್ರ ಅವರು ಸ್ವಲ್ಪ ಬೆಚ್ಚಿದರು. ತಮ್ಮ ಮೇಲೆ ಏನೋ ದೂರು ಬಂದಿದೆಯೆಂದು ತಿಳಿದಿರಬೇಕು.

ದುಡ್ಡು ಎಲ್ಲಿದೆ ಎಂದು ತೋರಿಸುವುದು ಇದಕ್ಕಿಂತ ಸುಲಭ, ಬೇಸರದ್ದು ಕೂಡ. ಸಮಾಜವಿಜ್ಞಾನಕ್ಕೆ ಐಸಿಎಸ್‌ಎಸ್‌ಆರ್, ಇತಿಹಾಸಕ್ಕೆ ಐಸಿಎಚ್‌ಆರ್, ವೈದ್ಯಕ್ಕೆ ಐಸಿಎಂಆರ್, ನಮ್ಮ ರಾಜ್ಯದ್ದೇ ಆದ ವಿಜಿಎಸ್‌ಟಿ. ವಿಜ್ಞಾನದವರು ಬಹಳ ದಿನ ಎಸ್‌ಇಆರ್‌ಬಿ ಎಂದು ಜಪಿಸುತ್ತಿದ್ದರು. 2023ರ ಕಾಯ್ದೆ ಬಂದ ಮೇಲೆ ಅದು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಕೂಡಿಹೋಯಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜು ಎಂದು ಪತ್ರಿಕೆಯಲ್ಲಿ ಓದಿದ ಮುಧೋಳದ ರಸಾಯನಶಾಸ್ತ್ರದ ಮಿತ್ರರೊಬ್ಬರು, "ಅದರಾಗ ನಮಗ ಐದ ಲಕ್ಷ ಬರೂದಿಲ್ಲೇನ್ರೀ?" ಎಂದು ಕೇಳಿದರು. ಲೆಕ್ಕ ಸರಿಯಾಗಿಯೇ ಇತ್ತು. ಕಾಲೇಜಿನ ಅಧ್ಯಾಪಕರು ಹತ್ತಿರದ ದೊಡ್ಡ ಸಂಸ್ಥೆಯ ಪ್ರಯೋಗಾಲಯಕ್ಕೆ ಹೋಗಿ ಕೆಲಸ ಮಾಡುವ ಟೇರ್ ಎಂಬ ಯೋಜನೆಯನ್ನು ಅವರಿಗೆ ತೋರಿಸಿದೆ. ಅದಕ್ಕೆ ಕಾಯಂ ನೌಕರಿ ಬೇಕು. ನನ್ನ ಪಡಸಾಲೆಗೆ ಬರುವವರಲ್ಲಿ ಒಳ್ಳೆಯ ಪ್ರಶ್ನೆ ತರುವವರು ಹೆಚ್ಚಾಗಿ ಅತಿಥಿ ಉಪನ್ಯಾಸಕರು. ಅವರ ಹೆಸರನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ಆ ಕಾಲಮ್ಮೇ ಫಾರ್ಮಿನಲ್ಲಿ ಇರುವುದಿಲ್ಲ. ಇದಕ್ಕೆ ನನ್ನಲ್ಲಿ ಯುಕ್ತಿಯಿಲ್ಲ, ಸಿಟ್ಟಿದೆ.

ಇನ್ನು ಸಂಸ್ಥೆಯ ಯೋಗ್ಯತೆ. ಯುಜಿಸಿಯ 1956ರ ಕಾಯ್ದೆಯ 2(ಎಫ್) ಮತ್ತು 12(ಬಿ) ಕಲಮುಗಳನ್ನು ನಮ್ಮ ಪ್ರಾಚಾರ್ಯರು ವಿಷ್ಣುಸಹಸ್ರನಾಮಕ್ಕಿಂತ ಶ್ರದ್ಧೆಯಿಂದ ಹೇಳುತ್ತಾರೆ. ಮೊದಲನೆಯದರಲ್ಲಿ ಹೆಸರಿದ್ದರೆ ನೀವು ಇದ್ದೀರಿ, ಎರಡನೆಯದರಲ್ಲಿದ್ದರೆ ನಿಮಗೆ ಕೇಂದ್ರದ ದುಡ್ಡು ಮುಟ್ಟಬಹುದು. ಇದರ ಮೇಲೆ ಸಂಸ್ಥೆಯ ಮುಖ್ಯಸ್ಥರು ಯೋಜನೆ ಮುಗಿಯುವವರೆಗೆ ಸಕಲ ಸೌಕರ್ಯ ಒದಗಿಸುತ್ತೇವೆಂದು ಮುಚ್ಚಳಿಕೆ ಬರೆದುಕೊಡಬೇಕು. 2025ರ ಫೆಬ್ರುವರಿಯಲ್ಲಿ ರಾಜ್ಯದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಲ್ಲಿ ಎದ್ದಿತಲ್ಲ, ಅವುಗಳಲ್ಲಿ ಜಮಖಂಡಿಯ ನಮ್ಮ ಬಾಗಲಕೋಟೆ ವಿಶ್ವವಿದ್ಯಾಲಯವೂ ಒಂದು. ಮೂರು ವರ್ಷದ ಯೋಜನೆಗೆ ಭರವಸೆ ಕೊಡುವ ಪತ್ರದ ಕರಡನ್ನು ಆ ದಿನಗಳಲ್ಲಿ ತಿದ್ದುವಾಗ ಕ್ರಿಯಾಪದಗಳ ಕಾಲದ ಬಗ್ಗೆ ನಾನು ಬಹಳ ಎಚ್ಚರದಿಂದಿದ್ದೆ.

ಆಶ್ರಯ ಹುಡುಕಿಕೊಂಡು ಹೋಗುವುದು ಈ ನೆಲಕ್ಕೆ ಹೊಸದಲ್ಲ. ಮುಧೋಳದ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನ ಬಳೆಯ ಮಲಾರ ಬಿಟ್ಟು ವಿದ್ಯೆ ಬೇಕೆಂದು ಗಂಗರ ನಾಡಿನವರೆಗೆ ನಡೆದ. ಅಲ್ಲಿ ಅಜಿತಸೇನಾಚಾರ್ಯರು ಗುರುವಾದರು, ಚಾವುಂಡರಾಯ ಪೋಷಕನಾದ. ಮುಂದೆ ಅತ್ತಿಮಬ್ಬೆಗಾಗಿ ಅಜಿತಪುರಾಣ ಬರೆದ. ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿ ಎನ್ನಿಸಿಕೊಂಡ. ಗದಾಯುದ್ಧದಲ್ಲಿ ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಡನೆ ಹೊಂದಿಸಿ ಅದನ್ನು ಸಾಹಸಭೀಮವಿಜಯ ಮಾಡಿದ. ಅನುದಾನ ಕೊಡುವವರ ಆದ್ಯತಾ ಕ್ಷೇತ್ರಕ್ಕೆ ಪ್ರಸ್ತಾವವನ್ನು ಹೊಂದಿಸಿ ಬರೆಯಿರಿ ಎಂದು ಈಗಿನ ಕಾರ್ಯಾಗಾರಗಳಲ್ಲಿ ಹೇಳಿಕೊಡುವ ವಿದ್ಯೆ ಇದೇ. ಆದರೆ ಹೊಂದಿಸಿದ ಮೇಲೂ ಓದುವವರ ಕಣ್ಣೀರು ದುರ್ಯೋಧನನಿಗೆ ಸಲ್ಲುವಂತೆ ಬರೆದನಲ್ಲ, ಅದನ್ನು ಯಾವ ಕಾರ್ಯಾಗಾರವೂ ಹೇಳಿಕೊಡಲಾರದು. ಸಂಶೋಧಕರು ಪ್ರಕಟಣೆಯ ಕೊನೆಗೆ ಪೋಷಕ ಸಂಸ್ಥೆಗೆ ಒಂದು ಸಾಲಿನ ಕೃತಜ್ಞತೆ ಹೇಳಬೇಕೆಂಬ ನಿಯಮವಿದೆ. ರನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟ. ನಮ್ಮವರು ಮಕ್ಕಳಿಗೆ ವಿಜಿಎಸ್‌ಟಿ ಎಂದು ಹೆಸರಿಡುವ ಕಾಲ ಬರಲಿಕ್ಕಿಲ್ಲ.

ಜಮಖಂಡಿಯದೇ ಇನ್ನೊಂದು ಉದಾಹರಣೆಯನ್ನು ನಾನು ಬೇಕೆಂದೇ ಹೇಳುತ್ತಿರುತ್ತೇನೆ. ಗುರುದೇವ ರಾನಡೆಯವರು ಇಲ್ಲಿ 1886ರಲ್ಲಿ ಹುಟ್ಟಿ, ಪರಶುರಾಮಭಾವೂ ಹೈಸ್ಕೂಲಿನಲ್ಲಿ ಕಲಿತು, ಸಂಸ್ಕೃತಕ್ಕೆ ಮೀಸಲಾದ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನ ಪಡೆದು ಪುಣೆಗೆ ಹೋದವರು. ಮುಂದೆ ಬೇಲ್ವಲ್ಕರರ ಜೊತೆ ಸೇರಿ 16 ಸಂಪುಟಗಳ ಭಾರತೀಯ ತತ್ತ್ವಶಾಸ್ತ್ರದ ಇತಿಹಾಸಕ್ಕೆ ಯೋಜನೆ ಹಾಕಿದರು. ಎರಡನೆಯ ಸಂಪುಟ 1927ರಲ್ಲಿ ಬಂತು, ಏಳನೆಯದು 1933ರಲ್ಲಿ. ಇವತ್ತಾದರೆ ಉಳಿದವು ಎಲ್ಲಿ ಎಂದು ಬಡ್ಡಿ ಸಮೇತ ಹಣ ವಾಪಸು ಕೇಳುವ ಪತ್ರ ಬರುತ್ತಿತ್ತು. ಉಪನಿಷತ್ತುಗಳ ಮೇಲಿನ ಅವರ 1926ರ ಗ್ರಂಥ ಆ 16ರ ಲೆಕ್ಕಕ್ಕೆ ಸೇರಿದ್ದೇ ಅಲ್ಲ. ಇವತ್ತಿಗೂ ಜನ ಹುಡುಕಿ ಓದುವುದು ಅದನ್ನು. ವರ್ಷವಾರು ಗುರಿಗಳ ಕೋಷ್ಟಕ ತುಂಬುತ್ತ ಹೆದರುವ ಹುಡುಗರಿಗೆ ಇದನ್ನು ಹೇಳಿದರೆ ತುಸು ಧೈರ್ಯ ಬರುತ್ತದೆ. ಕೋಷ್ಟಕವನ್ನು ತುಂಬದೆ ಮಾತ್ರ ಬಿಡಗೊಡುವುದಿಲ್ಲ.

ಈ ಸೀಮೆಯಲ್ಲಿ ಯಾವ ಫಾರ್ಮೂ ತುಂಬದೆ ಸಂಶೋಧನಾ ಕೇಂದ್ರ ಪಡೆದದ್ದು ಮುಧೋಳ ನಾಯಿ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅದರ ಬಯೋಡೇಟಾ ಗಟ್ಟಿ, ಬಿಡಿ.

ಮುಧೋಳದ ರಸಾಯನಶಾಸ್ತ್ರದವರ ವಿಷಯ ಸವಳು-ಜವಳು. ಕೃಷ್ಣೆ, ಘಟಪ್ರಭೆಯ ನೀರು ಬಂತು, ಕಬ್ಬು ಬಂತು, ಎರೆ ಹೊಲಕ್ಕೆ ಬೇಕಾದ್ದಕ್ಕಿಂತ ಹೆಚ್ಚು ನೀರು ನಿಂತು ಕೆಳಗಿನ ಉಪ್ಪು ಮೇಲೆ ಬಂತು. ಹೊಲದ ಅಂಚಿಗೆ ಕೂತು ಬಿಳಿ ಪದರನ್ನು ಬೆರಳಿನಿಂದ ಕೆರೆದು, "ಇದು ಮುಂದಿನ ವರ್ಷ ಆ ಬೇವಿನ ಗಿಡದ ತನಕ ಹೋಗ್ತೈತಿ" ಎಂದು ರೈತ ಹೇಳುತ್ತಾನೆ. ಹೇಗೆ ಗೊತ್ತು ಎಂದರೆ, ಬದುವಿನ ಯಾವ ಹುಲ್ಲು ಮೊದಲು ಸಾಯುತ್ತದೆ ಎಂದು ತೋರಿಸುತ್ತಾನೆ. ಇದು ಪ್ರಸ್ತಾವದ ಮೊದಲ ಪುಟಕ್ಕೆ ಬರಬೇಕಾದ ಮಾತು. ನನ್ನ ಮಿತ್ರರ ಕರಡಿನಲ್ಲಿ ಮೊದಲ ಪುಟ ಮೆಸೊಪೊಟೇಮಿಯಾದಿಂದ ಶುರುವಾಗಿ ಮುಧೋಳಕ್ಕೆ ಬರುವುದರೊಳಗೆ ಪದಗಳ ಮಿತಿ ಮುಗಿದಿತ್ತು. ಕ್ಷೇತ್ರಕಾರ್ಯವನ್ನು ಅವರು ಡಿಸೆಂಬರಿಗೆ ಇಟ್ಟಿದ್ದರು, ಹವೆ ತಂಪಿರುತ್ತದೆಂದು. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮಿನಲ್ಲಿ, ಕಟಾವಿನ ಗ್ಯಾಂಗು ಹೊಲಕ್ಕಿಳಿದ ದಿನ, ಪ್ರಶ್ನಾವಳಿ ಹಿಡಿದು ಹೋದರೆ ರೈತ ಕೈಗೆ ಕೊಯ್ತ ಕೊಡುತ್ತಾನೆ. ಅದನ್ನು ಬೇಸಿಗೆಗೆ ಸರಿಸಿದೆವು. ಟೊಪ್ಪಿಗೆಗೆ ಬಜೆಟ್ಟಿನಲ್ಲಿ ಬಾಬು ಇರಲಿಲ್ಲ.

ದುಡ್ಡು ಬಂದ ಮೇಲಿನ ಕಥೆ ಬೇರೆ. ಜಿಎಫ್‌ಆರ್ 12-ಎ ನಮೂನೆಯಲ್ಲಿ ಹಣ ಬಳಕೆಯ ಪ್ರಮಾಣಪತ್ರ, ಲೆಕ್ಕಪರಿಶೋಧಕರ ಸಹಿ, ಖಾತೆಯಲ್ಲಿ ಸೇರಿದ ಬಡ್ಡಿಯನ್ನು ಭಾರತ್ ಕೋಶಕ್ಕೆ ತುಂಬಿದ ರಸೀದಿ. ಬಡ್ಡಿಗಿಂತ ಅದನ್ನು ತುಂಬಲು ಜಮಖಂಡಿಗೆ ಬಂದುಹೋದ ಬಸ್ಸಿನ ಚಾರ್ಜೇ ಹೆಚ್ಚೆಂದು ಒಬ್ಬರು ಗೊಣಗಿದರು. ಇಷ್ಟೆಲ್ಲ ಕಾಗದವಿಲ್ಲದೆಯೂ ಕೆಲಸ ಆದದ್ದುಂಟು. ಇದೇ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ವಂತಿಗೆ ಹಾಕಿ, ಮೈಮುರಿದು ದುಡಿದು, ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದು ಶ್ರಮಬಿಂದು ಸಾಗರ. ಅನುದಾನ ಕಾಯುತ್ತ ಕೂತಿದ್ದರೆ ಏನಾಗುತ್ತಿತ್ತೆಂದು ಯಾರೂ ನನ್ನನ್ನು ಕೇಳದಿರಲಿ ಎಂದುಕೊಳ್ಳುತ್ತೇನೆ. ನನ್ನ ಉದ್ಯೋಗಕ್ಕೇ ಕಲ್ಲು.

ಬೀಳಗಿಯ ಕಡೆಯ ಇತಿಹಾಸದ ಉಪನ್ಯಾಸಕರದು ಆಲಮಟ್ಟಿಯ ಹಿನ್ನೀರಿಗೆ ಹೋದ ಊರುಗಳ ನೆನಪಿನ ಯೋಜನೆ. ಅರ್ಜಿ ಬರೆಯುವ ಮೊದಲು ನಾಲ್ಕು ಜನರನ್ನು ಮಾತಾಡಿಸಿ ಬನ್ನಿ ಎಂದಿದ್ದೆ. ಪುನರ್ವಸತಿ ಕೇಂದ್ರದ ಕಟ್ಟೆಯ ಮೇಲೆ ಕೂತ ಅಜ್ಜನಿಗೆ ಇವರು ಸಂಶೋಧನೆ ಎಂದರೆ ಏನೆಂದು ವಿವರಿಸಲು ಹೊರಟರೆ, ಅಜ್ಜ ಭೂಸ್ವಾಧೀನದ "ನಾಕು ಒಂದು, ಆರು ಒಂದು" ನೋಟಿಸುಗಳ ತಾರೀಖಿನಿಂದ ಶುರುಮಾಡಿದನಂತೆ. ಅಣೆಕಟ್ಟು 519.60 ಮೀಟರಿನಿಂದ 524.256ಕ್ಕೆ ಏರಿದರೆ ನೀರು ಯಾರ ಹೊಲದ ಯಾವ ಮೂಲೆಗೆ ಬರುತ್ತದೆ ಎಂದು ದಶಮಾಂಶದ ಮೂರನೇ ಸ್ಥಾನದವರೆಗೆ ಹೇಳಿದ. ಆಮೇಲೆ ಕೇಳಿದ:

"ನಿಮ್ಮ ಅರ್ಜಿ ಕೊಟ್ಟೀರೇನು?"

"ನಿನ್ನೆ ರಾತ್ರಿ ಹಾಕೇನ್ರೀ, ಆನ್‌ಲೈನ್." ನನ್ನ ಮಾತನ್ನು ಅವರು ಕಾದಿರಲಿಲ್ಲ.

"ಪೋಚ್ ತಗೊಂಡೀರೇನು?"

ತಗೊಂಡಿರಲಿಲ್ಲ. ಪೋಚ್ ಇಲ್ಲದ ಅರ್ಜಿ ಕೊಟ್ಟಂಗಲ್ಲ ಎಂದು ಅಜ್ಜ ಗದರಿಸಿದ. ಮನೆಗೆ ಬಂದು ತೆರೆದು ನೋಡಿದರೆ ಅರ್ಜಿಯ ಸ್ಥಿತಿ ಎಂಬಲ್ಲಿ "ಕರಡು" ಎಂದಿತ್ತು. ಕೊನೆಯ ಗುಂಡಿ ಒತ್ತಿಯೇ ಇರಲಿಲ್ಲ. ಅದೂ ಒಳ್ಳೆಯದೇ ಆಯಿತು. ಅಜ್ಜ ಹೇಳಿದ್ದನ್ನೆಲ್ಲ ಸೇರಿಸಿ, ಉದ್ದೇಶದ ಪುಟವನ್ನೇ ಬದಲಿಸಿ, ಮತ್ತೆ ಹಾಕಿದರು. ನೋಂದಣಿ ಸಂಖ್ಯೆಯ ಸ್ವೀಕೃತಿ ಬಂತು. ಅದನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿ ಕಟ್ಟೆಗೆ ಒಯ್ದು ತೋರಿಸಿದರು. ಅಜ್ಜ ಕಾಗದವನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುವಿ ನೋಡಿದ.

"ಇದಕ್ಕ ಶಿಕ್ಕಾ ಎಲ್ಲೈತ್ರೀ?"