ರಿಜಿಸ್ಟರ್ ಟೀಚರಮ್ಮ

ಅಂಗನವಾಡಿ ಟೀಚರ್ ತುಮಕೂರು ರಸ್ತೆಯುದ್ದಕ್ಕೂ, ಅದರಲ್ಲೂ ಮಾಕಳಿಯಂಥ ಅರ್ಧ ಹಳ್ಳಿ, ಅರ್ಧ ಬೆಂಗಳೂರಾದ ಊರುಗಳಲ್ಲಿ ಕಾಣಸಿಗುವ ವ್ಯಕ್ತಿ. ಗುರುತು ಹಿಡಿಯುವುದು ಸುಲಭ. ಕಂಕುಳಲ್ಲಿ ರಿಜಿಸ್ಟರುಗಳ ಕಟ್ಟು, ಕೈಯಲ್ಲಿ ಚಾರ್ಜು ಮುಗಿಯುತ್ತಾ ಬಂದ ಮೊಬೈಲು, ಬಾಯಲ್ಲಿ ‘ಸರ್ವರ್ ಇಲ್ಲ’.

ಈ ವರ್ಗ ಹುಟ್ಟಿದ್ದು 1975ರ ಅಕ್ಟೋಬರ್ 2ರಂದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿ. ನರಸೀಪುರ. ಯೋಜನೆಯ ಜೊತೆಗೇ ರಿಜಿಸ್ಟರ್ ಬಂತು, ಬಂದದ್ದು ಮರಿ ಹಾಕಿತು: ಮನೆ ಸಮೀಕ್ಷೆ, ಹಾಜರಿ, ದಾಸ್ತಾನು, ಲಸಿಕೆ, ತೂಕ, ಗರ್ಭಿಣಿ, ಬಾಣಂತಿ. ಮೊಟ್ಟೆ ಕೊಡಲು ಶುರುವಾದರೆ ಮೊಟ್ಟೆಗೂ ಲೆಕ್ಕ. 2021ರ ಮಾರ್ಚ್ 1ರಂದು ಪೋಷಣ್ ಟ್ರ್ಯಾಕರ್ ಆ್ಯಪ್ ಬಂದಾಗ ಪುಸ್ತಕಗಳ ಕಾಲ ಮುಗಿಯಿತು ಎಂದುಕೊಂಡವರಿದ್ದರು. ಅನುಭವಸ್ಥ ಟೀಚರ್ ಹಾಗೆ ಮೋಸ ಹೋಗುವವಳಲ್ಲ. ಮೊದಲು ಪುಸ್ತಕಕ್ಕೆ ಬರೆದು ಆಮೇಲೆ ಮೊಬೈಲಿಗೆ ತುಂಬುತ್ತಾಳೆ. ಮೇಲಿನವರು ಯಾವಾಗ ಯಾವುದನ್ನು ಕೇಳುತ್ತಾರೋ ಯಾರಿಗೆ ಗೊತ್ತು!

ಕೃತಕ ಬುದ್ಧಿಮತ್ತೆ ಅಂಗನವಾಡಿ ಕೇಂದ್ರಕ್ಕೆ ಕಾಲಿಟ್ಟದ್ದು ಮುಖ ನೋಡುವುದಕ್ಕೆ. 2025ರ ಜುಲೈ 1ರಿಂದ, ಮನೆಗೆ ಒಯ್ಯುವ ಆಹಾರ ಕೊಡುವ ಮುನ್ನ ಫಲಾನುಭವಿಯ ಮುಖವನ್ನು ಆ್ಯಪ್ ಒಪ್ಪಬೇಕು. ತಾಯಿ ಕೂಸನ್ನೆತ್ತಿಕೊಂಡು ಬಾಗಿಲ ಬೆಳಕಿಗೆ ನಿಲ್ಲುತ್ತಾಳೆ. ‘ಕಣ್ಣು ಮಿಟುಕಿಸಮ್ಮ’ ಎಂದರೆ ನಾಚಿಕೊಂಡು ನಗುತ್ತಾಳೆ. ಆ್ಯಪ್ ಒಪ್ಪುವುದಿಲ್ಲ. ‘ನಗಬೇಡಮ್ಮ, ಆಧಾರ್ ಕಾರ್ಡಲ್ಲಿರೋ ಥರ ಮುಖ ಮಾಡು’ ಎಂದು ಟೀಚರ್ ಉಪಾಯ ಹೇಳಿಕೊಡುತ್ತಾಳೆ. ಆಗ ಕೆಲಸವಾಗುತ್ತದೆ. ಹೊಸದಾಗಿ ಸೇರಿದವಳಾದರೆ ಓಟಿಪಿ ಬೇರೆ. ಅದು ಹೋಗುವುದು ಗಂಡನ ಫೋನಿಗೆ. ಗಂಡ ಪೀಣ್ಯದಲ್ಲಿ ಶಿಫ್ಟಿನಲ್ಲಿರುತ್ತಾನೆ. ಇಷ್ಟಕ್ಕೂ ಆ ತಾಯಿ ಟೀಚರಿಗೆ ಹೊಸಬಳೇನಲ್ಲ. ಯಾವ ವಠಾರ, ರಾಯಚೂರು ಕಡೆಯಿಂದ ಯಾವ ಹಬ್ಬ ಮುಗಿಸಿ ಬಂದವಳು, ಅತ್ತೆಯ ಬಾಯಿ ಎಷ್ಟು ಜೋರು, ಎಲ್ಲವೂ ಗೊತ್ತು. ಗುರುತು ಬೇಕಾಗಿರುವುದು ದೆಹಲಿಗೆ. ಯಂತ್ರ ಬಂದಿರುವುದು ಪರೀಕ್ಷೆ ಮಾಡಲು, ಬರೆದುಕೊಡಲು ಅಲ್ಲ ಎಂಬುದು ಟೀಚರಿಗೆ ಮೊದಲ ವಾರವೇ ಅರ್ಥವಾಗುತ್ತದೆ.

ಬರೆದುಕೊಡುವ ಯಂತ್ರವನ್ನು ಆಕೆ ತಾನೇ ಹುಡುಕಿಕೊಂಡಿದ್ದಾಳೆ. ಸೆಪ್ಟೆಂಬರ್ ಪೋಷಣ ಮಾಸ. ದಿನಕ್ಕೊಂದು ಕಾರ್ಯಕ್ರಮ, ಕಾರ್ಯಕ್ರಮಕ್ಕೊಂದು ಫೋಟೊ, ಫೋಟೊಗೊಂದು ವರದಿ. ‘ಸೀಮಂತ, ಆರು ಜನ, ಸೊಪ್ಪಿನ ಪಲ್ಯ’ ಎಂದು ಚಾಟ್‌ಜಿಪಿಟಿಗೆ ಹೇಳಿದರೆ ‘ಸುಸ್ಥಿರ ಪೌಷ್ಟಿಕ ಸಬಲೀಕರಣದ ದಿಶೆಯಲ್ಲಿ ಮಹತ್ವದ ಹೆಜ್ಜೆ’ ಎಂದು ಒಂದೂವರೆ ಪುಟ ಉದುರುತ್ತದೆ. ಸುತ್ತೋಲೆಯ ಕನ್ನಡವನ್ನು ಇಷ್ಟು ಬೇಗ ಕಲಿತವರು ಇಲಾಖೆಯಲ್ಲೂ ಇರಲಾರರು. ಗರ್ಭಿಣಿಯರಿಗೆ ಅದು ಸೂಚಿಸಿದ ಬಟರ್ ಫ್ರೂಟನ್ನು ಹೊಡೆದುಹಾಕಿ ನುಗ್ಗೆಸೊಪ್ಪು ಎಂದು ತಿದ್ದುವಷ್ಟು ಎಚ್ಚರ ಮಾತ್ರ ಬೇಕು. ಸರ್ಕಲ್ಲಿನ ಅಷ್ಟೂ ಕೇಂದ್ರಗಳಿಂದ ಅದೇ ‘ಮಹತ್ವದ ಹೆಜ್ಜೆ’ ಬಂದು ಬಿದ್ದಾಗ ಮೇಲ್ವಿಚಾರಕಿ ಗ್ರೂಪಿಗೆ ಮೆಸೇಜು ಹಾಕುತ್ತಾರೆ: ‘ಎಲ್ರೂ ಒಂದೇ ಥರ ಕಳಿಸ್ಬೇಡಿ. ಅಲ್ಲಲ್ಲಿ ಒಂದೆರಡು ಕಾಗುಣಿತ ತಪ್ಪಿರಲಿ.’

ಇದಕ್ಕಿಂತ ಉಪಯೋಗದ ಪ್ರಯೋಗಗಳೂ ನಡೆದಿವೆ. ರಾಜಸ್ಥಾನದ ಉದಯಪುರದಲ್ಲಿ ಆಶಾ ಕಾರ್ಯಕರ್ತೆಯರ ಆರೋಗ್ಯದ ಪ್ರಶ್ನೆಗಳಿಗೆ ವಾಟ್ಸ್ಆ್ಯಪ್‌ನಲ್ಲೇ ಉತ್ತರಿಸುವ ಆಶಾಬಾಟ್ ಇದೆ. ಇಂಗ್ಲೆಂಡಿನ ಸಮಾಜ ಕಾರ್ಯಕರ್ತರು ಮನೆ ಭೇಟಿಯ ಮಾತುಕತೆಯನ್ನು ಯಂತ್ರಕ್ಕೆ ಕೇಳಿಸಿ ಟಿಪ್ಪಣಿ ಬರೆಸುತ್ತಿದ್ದಾರೆ. ಮಾಕಳಿಗೆ ಬೇಕಾದದ್ದು ಈ ಎರಡನೆಯ ಜಾತಿ. ಆದರೆ ಇಲ್ಲಿನ ಮನೆ ಭೇಟಿಯಲ್ಲಿ ಕನ್ನಡ, ತೆಲುಗು, ಹಿಂದಿ ಒಂದೇ ವಾಕ್ಯದಲ್ಲಿರುತ್ತವೆ. ಹಿಂದೆ ಕುಕ್ಕರ್ ಕೂಗುತ್ತದೆ, ಮಗು ಅಳುತ್ತದೆ, ‘ಮಗೀದು ತೂಕ ಹನ್ನೊಂದೂಕಾಲು, ಚಪ್ಲಿ ಬಿಚ್ಚು, ಹನ್ನೊಂದೇ’ ಎಂದು ಟೀಚರ್ ಕೂಗುತ್ತಾಳೆ. ಇದರಲ್ಲಿ ಯಾವುದು ದಾಖಲೆ, ಯಾವುದು ಚಪ್ಪಲಿ ಎಂದು ತಿಳಿಯುವ ಕಿವಿ ಬೇಕು. ಸದ್ಯಕ್ಕೆ ಆ ಕೆಲಸ ಮಾಡುವವನು ಎಂಟನೇ ಕ್ಲಾಸಿನ ಮಗ. ರಾತ್ರಿ ಊಟವಾದ ಮೇಲೆ ತಾಯಿ ಹೇಳುತ್ತಾಳೆ, ಅವನು ಒತ್ತುತ್ತಾನೆ. ತಿಂಗಳ ಕೊನೆಯ ವರದಿಗೆ ಐವತ್ತು ರೂಪಾಯಿ ಬೇರೆ ಕೇಳುತ್ತಾನೆ.