ಒಗೆಯಲಾಗದ ಕಸೂತಿ

“ಮನೀತುಂಬ ಅರಿವಿ ಇರಬೇಕಾದ್ರ ಕಾಗದಕ್ಕ ಯಾಕ ಸೂಜಿ ಚುಚ್ಚತೀಯವಾ?” ಅಂತ ಪಕ್ಕದ ಮನೆಯ ಕಾಕು ಕಾಂಪೌಂಡ್ ಗೋಡೆಯ ಆಚೆಯಿಂದ ಕೇಳಿದರು. ಧಾರವಾಡದಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. ಇಳಕಲ್ ಸೀರೆಯ ಸೆರಗಿನ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ ಎಲ್ಲವನ್ನೂ ಎಳೆ ಎಣಿಸಿಯೇ ಇಳಿಸಿದ ಕೈ ಅವರದು. ಅಂಥವರ ಎದುರು ರಟ್ಟಿನ ತುಂಡು ಹಿಡಿದು ಕೂತವಳು ಸ್ವಲ್ಪ ತಡವರಿಸಲೇಬೇಕು.

ಆದರೂ ವಾದಕ್ಕೆ ನಿಂತೆ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಅದರಲ್ಲಿ ಗವಂತಿಯಂತೂ ಕಾಗದಕ್ಕೆ ಹೇಳಿ ಮಾಡಿಸಿದ್ದು. ಸೂಜಿ ಒಂದು ಮನೆ ಹೊಲಿದು ಒಂದು ಮನೆ ಬಿಟ್ಟು ಹೋಗುತ್ತದೆ. ತಿರುಗಿ ಬರುವಾಗ ಅವೇ ತೂತುಗಳಲ್ಲಿ ಹಾಯ್ದು ಬಿಟ್ಟ ಮನೆಗಳನ್ನು ತುಂಬುತ್ತದೆ. ಹೊಸ ತೂತು ಒಂದೂ ಬೇಕಿಲ್ಲ, ಗಂಟೂ ಬೇಕಿಲ್ಲ. ಗಂಟು ಹಾಕಿದರೆ ಬಟ್ಟೆ ಹೇಗೋ ಸಹಿಸೀತು. ರಟ್ಟಿನ ಹಿಂದೆ ಅದು ಉಬ್ಬಿ ನಿಂತು ಲಕೋಟೆಯೊಳಗೆ ಚಪ್ಪಟೆ ಮಲಗುವುದಿಲ್ಲ. ಗವಂತಿ ಹಾಕಿದ ಕಾರ್ಡನ್ನು ಯಾವ ಮಗ್ಗುಲಿಗೆ ತಿರುಗಿಸಿದರೂ ಚಿತ್ತಾರ ಒಂದೇ.

“ಎಳಿ ಎಲ್ಲೆದ ಎಣಿಸಲಿಕ್ಕೆ?” ಕಾಕು ಬಿಡಲಿಲ್ಲ.

ಎಳೆ ಇಲ್ಲ, ನಿಜ. ಅದಕ್ಕೇ ಮಕ್ಕಳ ಗ್ರಾಫ್ ಹಾಳೆಯನ್ನು ರಟ್ಟಿನ ಮೇಲಿಟ್ಟು, ಕೆಳಗೆ ಥರ್ಮೊಕೋಲ್ ತುಂಡು ಹಾಕಿ, ದಾರ ಪೋಣಿಸುವ ಮೊದಲೇ ತೂತುಗಳನ್ನೆಲ್ಲ ಚುಚ್ಚಿಕೊಳ್ಳಬೇಕು. ಬಟ್ಟೆಯಲ್ಲಿ ಸೂಜಿ ಹಾದ ಜಾಗ ಎಳೆದರೆ ಮುಚ್ಚಿಹೋಗುತ್ತದೆ. ಕಾಗದದಲ್ಲಿ ಚುಚ್ಚಿದ್ದು ಚುಚ್ಚಿದ್ದೇ. ತೂತಿನಿಂದ ತೂತಿಗೆ 3 ಮಿಲಿಮೀಟರ್ ಬಿಟ್ಟರೆ ಕ್ಷೇಮ. ತೀರ ಒತ್ತಾದರೆ ಗೆರೆಗುಂಟ ಅಂಚೆಚೀಟಿಯ ಹಾಗೆ ಹರಿದು ಕೈಗೆ ಬರುತ್ತದೆ. ಲಡಿಯ ದಾರದಲ್ಲಿ 6 ಎಳೆ ಇರುತ್ತವೆ, 2 ಸಾಕು. ದಾರವನ್ನು ಮೇಲಕ್ಕೆ ನೆಟ್ಟಗೆ ಎಳೆಯಬೇಕು, ಓರೆ ಎಳೆದರೆ ತೂತಿನ ಅಂಚು ಸೀಳುತ್ತದೆ. ಇನ್ನು ತುಳಸಿಕಟ್ಟೆಯ ಮೆಟ್ಟಿಲು. ಮುರ್ಗಿಯಲ್ಲಿ ಒಂದು ಮನೆ ಮೇಲೆ, ಒಂದು ಮನೆ ಪಕ್ಕಕ್ಕೆ ಅಂತ ಹತ್ತುತ್ತ ಹೋದ ಸೂಜಿ ಇಳಿಯುತ್ತ ಬರುವಾಗ ಎಲ್ಲಿ ಟಿಸಿಲು ಒಡೆಯಬೇಕು, ಯಾವ ದಾರಿಯಿಂದ ಮರಳಬೇಕು ಅನ್ನುವುದನ್ನು ಪೆನ್ಸಿಲಿನಲ್ಲಿ ಮೊದಲೇ ಗುರುತು ಹಾಕಿಕೊಂಡರೆ ಸುಖ. ಕಾಕುಗೆ ಆ ಪೆನ್ಸಿಲೂ ಬೇಡ, ಬೆರಳಿಗೇ ಗೊತ್ತು.

ಇದೇನು ನಿನ್ನೆಮೊನ್ನೆಯ ಹುಚ್ಚೂ ಅಲ್ಲ. ಜರ್ಮನಿಯಲ್ಲಿ ಶಿಶುವಿಹಾರ ಶುರುಮಾಡಿದ ಫ್ರೋಬೆಲ್ ಮಕ್ಕಳ ಕೈಗೆಲಸದಲ್ಲಿ ಕಾಗದ ಚುಚ್ಚಿ ಹೊಲಿಯುವುದನ್ನೂ ಸೇರಿಸಿದ್ದ. ಅವನಿಗಿಂತ ನನಗೆ ಇಷ್ಟವಾದವಳು ಮೇರಿ ಎವರೆಸ್ಟ್ ಬೂಲ್. ಇವತ್ತಿನ ಕಂಪ್ಯೂಟರಿನ ತರ್ಕಕ್ಕೆ ಬುನಾದಿ ಹಾಕಿದ ಜಾರ್ಜ್ ಬೂಲನ ಹೆಂಡತಿ. 1864ರಲ್ಲಿ ಗಂಡ ತೀರಿಕೊಂಡಾಗ ಮಡಿಲಲ್ಲಿ ಐದು ಹೆಣ್ಣುಮಕ್ಕಳು. ರಟ್ಟಿನಲ್ಲಿ ತೂತು ಮಾಡಿ ದಾರ ಹಾಯಿಸುತ್ತ ಮಕ್ಕಳು ರೇಖಾಗಣಿತವನ್ನು ಬೆರಳಿನಿಂದಲೇ ಕಲಿಯಬಹುದು ಅಂದವಳು ಆಕೆ. ಕೋನದ ಎರಡು ಗೆರೆಗಳ ಮೇಲೂ ಸಮ ಅಂತರದಲ್ಲಿ ಹತ್ತು ಹತ್ತು ತೂತು. ಒಂದು ಗೆರೆಗೆ ಕೋನದ ಮೂಲೆಯಿಂದ, ಇನ್ನೊಂದಕ್ಕೆ ತುದಿಯಿಂದ ಸಂಖ್ಯೆ ಕೊಟ್ಟು ಒಂದಕ್ಕೆ ಒಂದು, ಎರಡಕ್ಕೆ ಎರಡು ಅಂತ ದಾರ ಕಟ್ಟುತ್ತ ಹೋದರೆ, ಬರೀ ನೇರ ದಾರಗಳ ನಡುವೆ ನುಣುಪಾದ ಬಾಗೊಂದು ಎದ್ದು ಬರುತ್ತದೆ. ಅದೇ ಪ್ಯಾರಾಬೋಲ. ಶಾಲೆಯಲ್ಲಿ ನಮಗೆ ಯಾರಾದರೂ ಹೀಗೆ ತೋರಿಸಿದ್ದರೆ!

ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಆಕೆಯ ದೊಡ್ಡಪ್ಪ ಅಂದೆ. ಕಾಕು ಒಂದು ಕ್ಷಣ ಸುಮ್ಮನಿದ್ದು, “ದೊಡ್ಡಪ್ಪನ ಹೆಸರಿಗೆ ಪರ್ವತ, ಆಕೀ ಕೈಗೆ ಸೂಜಿ. ಎಲ್ಲೆ ಹೋದ್ರೂ ಇಷ್ಟ ನೋಡು” ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಅವರ ತೀರ್ಪು ಬಂತು: “ಒಗೀಲಿಕ್ಕೆ ಬರಂಗಿಲ್ಲ, ಉಡಲಿಕ್ಕೆ ಬರಂಗಿಲ್ಲ. ಏನುಪಯೋಗ?” ಅದೇ ಅದರ ಸುಖ ಅನ್ನುವುದು ನನ್ನ ವಾದ. ಸೀರೆಗೆ ಹಾಕಿದ ಕಸೂತಿಯನ್ನು ನೋಡಲು ಬೀಗರು ಬರುತ್ತಾರೆ, ರೇಟು ಕೇಳುತ್ತಾರೆ, ಹಿಂಬದಿ ತಿರುಗಿಸಿ ಪರೀಕ್ಷೆ ಮಾಡುತ್ತಾರೆ. ಅಂಗೈಯಗಲದ ಕಾರ್ಡಿಗೆ ಆ ಕಾಟವಿಲ್ಲ. ಸಂಜೆಯೊಳಗೆ ಮುಗಿಯುತ್ತದೆ, ಗೆಳತಿಗೆ ಪೋಸ್ಟ್ ಮಾಡಿದರೆ ಆಯಿತು. ಮೊದಲೇ ತೂತು ಹೊಡೆದ ಕಿಟ್‌ಗಳು ಅಂಗಡಿಯಲ್ಲಿ ಸಿಗುತ್ತವೆ. ನನ್ನ ಮಟ್ಟಿಗೆ ಅದು ಇನ್ನೊಬ್ಬರು ಬಿಡಿಸಿಟ್ಟ ಪದಬಂಧ, ದುಡ್ಡು ದಂಡ.

ರಟ್ಟಿಗೆ ನಮ್ಮ ಮನೆಗಳಲ್ಲಿ ಬರವೇ? ಕಪಾಟಿನ ಮೇಲೆ ಲಗ್ನಪತ್ರಿಕೆಗಳ ರಾಶಿಯೇ ಇರುತ್ತದೆ. ಬಂಗಾರದ ಬಣ್ಣದ ಗಣಪತಿಯನ್ನು ಮಾತ್ರ ಚುಚ್ಚದೆ ಕತ್ತರಿಸಿ ತೆಗೆದಿಟ್ಟು, ಖಾಲಿ ಮಗ್ಗುಲನ್ನು ಉಪಯೋಗಿಸಿ. ಗವಂತಿಯಿಂದ ಶುರುಮಾಡಿ. ಮೆಂತಿಗೆ ಸದ್ಯ ಕೈಹಾಕಬೇಡಿ. ಅದು ಜಾಗವನ್ನೆಲ್ಲ ತುಂಬುವ ಹೊಲಿಗೆ, ಮೂಲೆಮೂಲೆಗೂ ತೂತು ಕೇಳುತ್ತದೆ, ಲಗ್ನಪತ್ರಿಕೆ ಅಷ್ಟು ತಾಳುವುದಿಲ್ಲ.