ಹಳೆಯ ಜಾವಾ ಕೊಳ್ಳುವ ಸಮಸ್ಯೆ: ಒಂದು ಪರಿಶೀಲನೆ

ಹಳೆಯ ಮೋಟಾರ್ ಸೈಕಲ್ಲೊಂದನ್ನು ಕೊಳ್ಳಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ಲೆಕ್ಕಪತ್ರದವರು ಸವಕಳಿಯ ಬಾಬ್ತಿಗೂ ಮನೆಯವರು ಬುದ್ಧಿಭ್ರಮಣೆಯ ಬಾಬ್ತಿಗೂ ಸೇರಿಸಿ ಕೈತೊಳೆದುಕೊಂಡಿರುವುದರಿಂದ, ಅದನ್ನು ಸ್ವತಂತ್ರವಾದ ಶಾಸ್ತ್ರವಿಷಯವೆಂದು ಭಾವಿಸಿ ವಿವೇಚಿಸುವ ಕೆಲಸ ಬಾಕಿ ಉಳಿದಿದೆ. ಇಲ್ಲಿ ಆಧಾರವಾಗಿ ತೆಗೆದುಕೊಂಡಿರುವುದು ಬೆಂಗಳೂರಿನ ಬಾಪೂಜಿ ನಗರದ ಒಂದು ಅಡ್ಡರಸ್ತೆಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ, ಸವೆದ ಬೆಡ್‌ಶೀಟು ಹೊದ್ದು ನಿಂತಿರುವ 1970ರ ದಶಕದ ಆರಂಭದ ಜಾವಾ ಗಾಡಿಯನ್ನು. ಕೊಳ್ಳಹೊರಟಿರುವವನು ಪ್ರಸ್ತುತ ಲೇಖಕನೇ ಆದ್ದರಿಂದ ಓದುಗರು ನಿಷ್ಪಕ್ಷಪಾತವನ್ನು ನಿರೀಕ್ಷಿಸತಕ್ಕದ್ದಲ್ಲ.

ಜಾವಾ ಮೂಲತಃ 1929ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ ಚೆಕ್ ಸಂಸ್ಥೆಯ ಹೆಸರಾದರೂ ಕನ್ನಡನಾಡಿನಲ್ಲಿ ಅದನ್ನು ಮೈಸೂರಿನದಲ್ಲವೆಂದು ಹೇಳಿ ದಕ್ಕಿಸಿಕೊಂಡವರಿಲ್ಲ. ಇರಾನಿ ಕುಟುಂಬದವರ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ಈ ಗಾಡಿಗಳನ್ನು ತಯಾರಿಸಿತು; 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, ಆಮೇಲೆ ಕಡಿಮೆ ಪೆಟ್ರೋಲು ಕುಡಿಯುವ ಜಪಾನೀ ಮಾದರಿಯ ನೂರು ಸಿಸಿ ಗಾಡಿಗಳೂ ಹೊಗೆಯ ಮೇಲಿನ ನಿಯಮಗಳೂ ಬಂದವು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಅದರ ಸೈರನ್ನಿಗೆ ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದವರು ಅಂದು ಏನು ಮಾಡಿದರೆಂಬುದನ್ನು ಗಾಡಿಗೆ ಮೆರುಗು ಹಾಕಿಸಿಕೊಂಡು ಮೆರೆಯುವ ಅಭಿಮಾನಿಗಳು ಅಪರೂಪಕ್ಕೂ ಕೇಳುವುದಿಲ್ಲ. ಪ್ರಸ್ತುತ ಲೇಖಕನೂ ಕೇಳಿರಲಿಲ್ಲ.

ಇನ್ನು ಕಾನೂನು. 2021ರ ಕೇಂದ್ರ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿಯೂ ಮೂಲ ಸ್ವರೂಪವನ್ನು ಉಳಿಸಿಕೊಂಡಿರುವ ವಾಹನವು 'ವಿಂಟೇಜ್', ಅಂದರೆ ಪುರಾತನ ವಾಹನ, ಎಂಬ ಗೌರವಕ್ಕೆ ಪಾತ್ರವಾಗುತ್ತದೆ. ಇಪ್ಪತ್ತು ಸಾವಿರ ರೂಪಾಯಿ ಕಟ್ಟಿದರೆ ನೋಂದಣಿ ಸಂಖ್ಯೆಯಲ್ಲಿ 'ವಿಎ' ಎಂಬ ಅಕ್ಷರಗಳು ಸೇರಿ ಹತ್ತು ವರ್ಷಗಳ ಮಾನ್ಯತೆ ದೊರೆಯುತ್ತದೆ. ಆದರೆ ಹೀಗೆ ಗೌರವಿಸಲ್ಪಟ್ಟ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ, ಪೆಟ್ರೋಲು ತುಂಬಿಸುವಿಕೆ ಇವುಗಳಿಗೆ ಮಾತ್ರ ಅವಕಾಶ. ಎಂದರೆ ಪೆಟ್ರೋಲು ಹಾಕಿಸಲು ಬಂಕಿಗೆ ಹೋಗಬಹುದು, ಅಲ್ಲಿಂದ ಮನೆಗೆ ಬರಬಹುದು, ಹೋಗಿಬಂದದ್ದರಿಂದ ಖರ್ಚಾದ ಪೆಟ್ರೋಲನ್ನು ತುಂಬಿಸಲು ಪುನಃ ಹೋಗಬಹುದು, ದಾರಿಯಲ್ಲಿ ಅರ್ಧ ಲೀಟರ್ ಹಾಲು ತರುವಂತಿಲ್ಲ. ಈ ಗೌರವ ಬೇಡವೆನ್ನುವವನು ಸಾಮಾನ್ಯ ನೋಂದಣಿಯನ್ನೇ ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು, ಹಸಿರು ತೆರಿಗೆಯನ್ನೂ ಕಟ್ಟಿಕೊಂಡು ಓಡಾಡಬೇಕು.

ಕಾನೂನಿಗಿಂತಲೂ ಕಠಿಣರಾದವರು ಬಲ್ಲವರು. ಗಾಡಿಯ ವಿಷಯ ಬಾಯಿಬಿಟ್ಟ ಮರುಕ್ಷಣವೇ ಎಲ್ಲಿಂದಲೋ ಪ್ರತ್ಯಕ್ಷರಾಗಿ, 'ನಂಬರ್ ಮ್ಯಾಚಿಂಗ್ ಇದೆಯಾ' ಎಂದು, ಅಂದರೆ ಎಂಜಿನ್ನಿನ ಮೇಲೂ ಚಾಸಿಯ ಮೇಲೂ ಕೊರೆದ ಸಂಖ್ಯೆಗಳು ಆರ್‌ಸಿ ಪುಸ್ತಕಕ್ಕೆ ತಾಳೆಯಾಗುತ್ತವೆಯೇ ಎಂದು, ಪೊಲೀಸರ ಧಾಟಿಯಲ್ಲಿ ವಿಚಾರಿಸುವ ಈ ವರ್ಗದವರು, ಟ್ಯಾಂಕಿನ ಪಕ್ಕದ ರಬ್ಬರು ಮೂಲದ್ದಲ್ಲವೆಂದು ತಿಳಿದರೆ ಸೂತಕದ ಮುಖ ಮಾಡುತ್ತಾರೆ. ಸ್ವಂತಕ್ಕೆ ಗೇರಿಲ್ಲದ ಸ್ಕೂಟರಿನಲ್ಲಿ ಓಡಾಡುವ ಇವರ ಉಪದೇಶದಿಂದ ಪ್ರಸ್ತುತ ಲೇಖಕನಿಗೆ ಆದ ಪ್ರಯೋಜನ ತಲೆನೋವೊಂದೇ.

ಗಾಡಿಯನ್ನು ಪರೀಕ್ಷಿಸುವ ವಿಧಾನಕ್ಕೆ ಬಂದರೆ, ಜಾವಾದಲ್ಲಿ ಕಿಕ್ಕರ್ ಮತ್ತು ಗೇರು ಎರಡೂ ಒಂದೇ ಸಲಾಕೆಯೆಂಬುದನ್ನು ಮೊದಲು ತಿಳಿಯಬೇಕು. ಎಡಗಡೆ ಇರುವ ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್. ಎಂಜಿನ್ ಶುರುವಾದ ಮೇಲೆ ಮುಂದಕ್ಕೆ ಮಡಚಿದರೆ ಅದೇ ಗೇರು. ಒದೆಯಬೇಕಾದದ್ದು ಎಡಗಾಲಿನಿಂದಾದ್ದರಿಂದ, ಬಲಗಾಲನ್ನೇ ನಂಬಿಕೊಂಡು ಮಧ್ಯವಯಸ್ಸಿಗೆ ಬಂದವನು ಹೊಸದಾಗಿ ನಡೆಯಲು ಕಲಿಯುವವನಂತೆ ಕಾಣುತ್ತಾನೆ. ಗಾಡಿಯ ಯಜಮಾನರು ಕಾರ್ಬುರೇಟರಿನ ಮೇಲಿನ ಸಣ್ಣ ಗುಂಡಿಯನ್ನು ಪೆಟ್ರೋಲು ತುಳುಕುವವರೆಗೆ ಒತ್ತಿ, "ಹೊಡೀರಿ ಸಾರ್, ನೀವೇ ಹೊಡೀರಿ, ನನ್ ಮಂಡಿ ಆಗಲ್ಲ" ಎಂದು ಪಕ್ಕಕ್ಕೆ ಸರಿದರು.

ಒದೆತ ಆರಂಭವಾದ ಸ್ವಲ್ಪ ಹೊತ್ತಿನಲ್ಲಿಯೇ ಅಡ್ಡರಸ್ತೆಯು ವಿದ್ವತ್ಸಭೆಯಾಯಿತು. ಅವರೆಕಾಯಿಯ ತಳ್ಳುಗಾಡಿಯವನು ದೋಷವನ್ನು ಪ್ಲಗ್ಗಿನಲ್ಲಿ ಕಂಡನು. ಎದುರು ಮನೆಯ ಮಹಡಿಯಿಂದ ಬನಿಯನ್ ಧರಿಸಿದ ಒಬ್ಬರು ಅದು ಪೆಟ್ರೋಲಿಗೆ ಟು-ಟಿ ಎಣ್ಣೆ ಹೆಚ್ಚಾದುದರ ಫಲವೆಂದು ಅಭಿಪ್ರಾಯಪಟ್ಟರು (ಇಂಥ ಟು-ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಣ್ಣೆಯ ವ್ಯವಸ್ಥೆ ಇಲ್ಲದ ಕಾರಣ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸುವುದು ಪದ್ಧತಿ). ಇಬ್ಬರು ಶಾಲಾಬಾಲಕರು ದೋಷವು ಒದೆಯುವವನಲ್ಲಿದೆ ಎಂದರು. ಕಾಲು ಸೋತು, ಒದೆತವು ಒದೆತವೆನ್ನಲಾಗದಷ್ಟು ಮೃದುವಾದ ಘಟ್ಟದಲ್ಲಿ ಎಂಜಿನ್ ತಾನಾಗಿ ಕೆಮ್ಮಿ, ಎರಡೂ ಸೈಲೆನ್ಸರುಗಳಿಂದ ನೀಲಿ ಹೊಗೆ ಬಿಟ್ಟು, ಶುರುವಾಯಿತು. ಸಭೆ ಚಪ್ಪಾಳೆ ತಟ್ಟಿತು. ಪ್ರಸ್ತುತ ಲೇಖಕನು ಹತ್ತಿ ಕುಳಿತು, ಸಲಾಕೆಯನ್ನು ಮುಂದಕ್ಕೆ ಮಡಚಿ, ಒಂದನೆಯ ಗೇರಿಗೆ ಹಾಕಿ, ದೂರದ ಮೈಸೂರು ರಸ್ತೆಯ ಕಡೆಗೆ ಗಂಭೀರವಾಗಿ ದೃಷ್ಟಿ ನೆಟ್ಟು ಕ್ಲಚ್ ಬಿಟ್ಟನು. ಗಾಡಿ ಹಿಂದಕ್ಕೆ ಹೊರಟಿತು.

ಇದು ಪವಾಡವಲ್ಲ. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಕವಾಟಗಳು ಗೊತ್ತಾದ ಕ್ರಮದಲ್ಲಿ ತೆರೆದು ಮುಚ್ಚುವುದರಿಂದ ಅದು ಒಂದೇ ದಿಕ್ಕಿಗೆ ತಿರುಗಬಲ್ಲದು. ಈ ಬಗೆಯ ಟು-ಸ್ಟ್ರೋಕಿನಲ್ಲಿ ಪಿಸ್ಟನ್ನೇ ಮೇಲೆ ಕೆಳಗೆ ಆಡುತ್ತ ರಂಧ್ರಗಳನ್ನು ತೆರೆದು ಮುಚ್ಚುವುದರಿಂದ ಎಂಜಿನ್ನಿಗೆ ದಿಕ್ಕಿನ ಹಂಗಿಲ್ಲ. ಕಿಡಿ ಹಾರುವ ಕ್ಷಣ, ಅಂದರೆ ಟೈಮಿಂಗ್, ತೀರ ಮುಂಚಿತವಾಗಿದ್ದು ಒದೆತವೂ ದುರ್ಬಲವಾಗಿದ್ದರೆ, ಪಿಸ್ಟನ್ ತುದಿ ಮುಟ್ಟುವ ಮೊದಲೇ ಮಿಶ್ರಣ ಸಿಡಿದು ಅದನ್ನು ಬಂದ ದಾರಿಗೇ ಅಟ್ಟುತ್ತದೆ. ಎಂಜಿನ್ ಉಲ್ಟಾ ತಿರುಗತೊಡಗುತ್ತದೆ, ಮುಂದಿನ ಗೇರುಗಳೆಲ್ಲ ಹಿಂದಿನ ಗೇರುಗಳಾಗುತ್ತವೆ.

ಈ ತತ್ತ್ವವು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಎದುರಿಗಿದ್ದ ಯಜಮಾನರು, ಮೆಟ್ಟಿಲು, ಬಾಗಿಲ ಮುಂದಿನ ರಂಗೋಲಿ ಎಲ್ಲವೂ ತನ್ನಿಂದ ದೂರ ಸರಿಯುತ್ತಿರುವುದನ್ನು ಕಂಡ ಪ್ರಸ್ತುತ ಲೇಖಕನು, ಗಾಡಿಗೆ ಮುಂದೆ ಹೋಗಲು ಶಕ್ತಿ ಸಾಲದೆಂದು ತೀರ್ಮಾನಿಸಿ ಆಕ್ಸಿಲರೇಟರನ್ನು ಇನ್ನಷ್ಟು ತಿರುವಿದನು. ಗಾಡಿ ಇನ್ನಷ್ಟು ಉತ್ಸಾಹದಿಂದ ಹಿಂದಕ್ಕೆ ಸಾಗಿತು. "ಅಂಕಲ್, ರಿವರ್ಸ್ ಗೇರೂ ಇದ್ಯಾ?" ಎಂದು ಹುಡುಗನೊಬ್ಬನು ನಿಜವಾದ ಗೌರವದಿಂದಲೇ ಕೇಳಿದನು. ಮಹಡಿಯ ಬನಿಯನ್ನಿನವರು ಬ್ರೇಕು ಎಂಬ ಪದವನ್ನು ಮೂರು ಭಾಷೆಗಳ ಉಚ್ಚಾರಣೆಯಲ್ಲಿ ಕೂಗಿದರು. ಪ್ರಯಾಣವು ಅವರೆಕಾಯಿಯ ಮೂಟೆಯಲ್ಲಿ ಮುಗಿದಾಗ ಎಂಜಿನ್ ಇನ್ನೂ ಓಡುತ್ತಲೇ ಇತ್ತು, ಸೊಗಡಿನ ಕಾಯಿಗಳು ಹಿಂದಿನ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿ ಪಟಪಟನೆ ಸಿಡಿಯುತ್ತಿದ್ದವು. ನಾಚಿಕೆಯಾಗಬೇಕಾದ ಆ ಘಳಿಗೆಯಲ್ಲಿ ಪ್ರಸ್ತುತ ಲೇಖಕನ ಮನಸ್ಸಿನಲ್ಲಿ ಮೂಡಿದ್ದು, ಎರಡೂ ದಿಕ್ಕಿಗೆ ಹೋಗಬಲ್ಲ ಇಂಥ ಗಾಡಿಯನ್ನು ಬಿಡಬಾರದೆಂಬ ದೃಢ ಸಂಕಲ್ಪ; ಅಲ್ಲಿಯವರೆಗೆ ಕಾಗದದ ಮೇಲೆ ಎರಡು ಕಲಮಾಗಿ ಬರೆದಿಟ್ಟಿದ್ದ ಲಾಭನಷ್ಟಗಳ ಪಟ್ಟಿ ಅಂದಿಗೆ ನಿಷ್ಪ್ರಯೋಜಕವಾಯಿತು. ಮೂಟೆಯ ಬೆಲೆಯನ್ನು ಕೊಟ್ಟದ್ದಾಯಿತು, ಒಡೆದ ಕಾಯಿಯನ್ನು ಮನೆಗೆ ಒಯ್ದದ್ದೂ ಆಯಿತು.

ಮುಂಗಡ ಕೊಡುವ ಮಾತು ಬಂದಾಗ, ಅದುವರೆಗೂ ಹೊಸ್ತಿಲ ಬಳಿ ಕುಳಿತು ಎಲ್ಲವನ್ನೂ ನೋಡುತ್ತಿದ್ದ ಯಜಮಾನರ ಪತ್ನಿಯವರು ಮೊದಲ ಬಾರಿಗೆ ಬಾಯಿ ತೆರೆದರು: "ಅದು ನಮ್ಮಪ್ಪ ಕೊಟ್ಟಿದ್ದು. ಮಾರಕ್ಕೆ ಇವರ‍್ಯಾರು?" ಆರ್‌ಸಿ ಪುಸ್ತಕವನ್ನು ತೆರೆಸಿ ನೋಡಲಾಗಿ, ಗಾಡಿಯು ಮದುವೆಯಲ್ಲಿ ವರೋಪಚಾರವಾಗಿ, ಅಂದರೆ ಅಳಿಯನಿಗೆ ಹೆಣ್ಣಿನ ಕಡೆಯವರು ಮಾಡುವ ಮರ್ಯಾದೆಯ ರೂಪದಲ್ಲಿ ಬಂದಿತ್ತೆಂದೂ, ಕೊಟ್ಟ ಮಾವನವರು ಯಾವ ಮುಂದಾಲೋಚನೆಯಿಂದಲೋ ಅದನ್ನು ಕಡೆಯವರೆಗೂ ತಮ್ಮ ಹೆಸರಿನಲ್ಲಿಯೇ ಇರಿಸಿಕೊಂಡಿದ್ದರೆಂದೂ ತಿಳಿದುಬಂತು. ಮಾರಾಟವೆಂದರೆ 29 ಮತ್ತು 30ನೆಯ ನಮೂನೆಗಳೆಂದು ತಿಳಿದಿದ್ದ ಕೊಳ್ಳುವ ಪಕ್ಷಕ್ಕೆ, ಮಾಲೀಕರು ತೀರಿಕೊಂಡಿದ್ದರೆ ಮೊದಲು 31ನೆಯ ನಮೂನೆಯಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆಯಾಗಬೇಕೆಂಬ ಜ್ಞಾನವೂ ಆಗಲೇ ಉಂಟಾಯಿತು. ಆ ಮಾವನವರು ಯಾದವಗಿರಿಯ ಕಾರ್ಖಾನೆಯಲ್ಲಿಯೇ ಕೆಲಸಕ್ಕಿದ್ದವರು. ಗಾಡಿ ಬೆಂಗಳೂರಿಗೆ ಬಂದ ದಿನ ಗಾಳಿ ಆಂಜನೇಯ ದೇವಸ್ಥಾನದ ಮುಂದೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವರು ಅವರೇ ಎಂದೂ, ಅಂದು ಹಿಂದಿನ ಸೀಟಿನಲ್ಲಿ ಕುಳಿತಿದ್ದವಳು ತಾನೆಂದೂ ಆಕೆ ಹೇಳುವಾಗ ಯಜಮಾನರು ಬೆಡ್‌ಶೀಟಿನ ಅಂಚನ್ನು ಸರಿಪಡಿಸುತ್ತ ತಲೆಯೆತ್ತಲಿಲ್ಲ. ಕೊಳ್ಳಬೇಕೆ ಬೇಡವೆ ಎಂದು ಬಲ್ಲವರೆಲ್ಲರನ್ನೂ ಕೇಳಿದ್ದ ಪ್ರಸ್ತುತ ಲೇಖಕನಿಗೂ, ಮಾರುವೆನೆಂದು ಒಪ್ಪಿದ್ದ ಯಜಮಾನರಿಗೂ, ಈಕೆಯನ್ನು ಒಂದು ಮಾತು ಕೇಳಬೇಕೆಂದು ತೋರಿರಲಿಲ್ಲ.

ಆಕೆಯ ನಿಬಂಧನೆ ಸರಳವಾಗಿದೆ: ಗಾಡಿಯನ್ನು ಮೊದಲು ಮುಂದಕ್ಕೆ ಹೋಗುವಂತೆ ಮಾಡಿಸತಕ್ಕದ್ದು, ಅದರಲ್ಲಿ ತಾವಿಬ್ಬರೂ ಗಾಳಿ ಆಂಜನೇಯನ ಗುಡಿಗೆ ಹೋಗಿಬರತಕ್ಕದ್ದು, ಮಾರುವ ಮಾತು ಆಮೇಲೆ. ತದನುಸಾರ ಜೆ.ಸಿ. ರಸ್ತೆಯಿಂದ ಹೊಸ ಪಾಯಿಂಟ್, ಕಂಡೆನ್ಸರ್, ಕ್ಲಚ್ ಕೇಬಲ್ ತರಿಸಲಾಗಿದ್ದು, ಆರ್‌ಸಿ ಸದ್ಯಕ್ಕೆ ಮಾವನವರ ಹೆಸರಿನಲ್ಲಿಯೂ ಗ್ಯಾರೇಜಿನ ಬಿಲ್ಲು ಪ್ರಸ್ತುತ ಲೇಖಕನ ಹೆಸರಿನಲ್ಲಿಯೂ ಇವೆ. ಹಿಂದಿನ ಸೀಟಿಗೆ ಯಾವ ಬಣ್ಣದ ರೆಕ್ಸಿನ್ ಹೊದಿಸಬೇಕೆಂಬುದನ್ನು ಆಕೆ ಇನ್ನೂ ತಿಳಿಸಬೇಕಾಗಿದೆ.